ಸೀಸವಿಲ್ಲದ ಕಲಾಯಿ

ಮಕ್ಕಳೇ, ನಮ್ಮ ಮನೆಯ ಮೆಟ್ಟಿಲ ಕೆಳಗೆ ತಂತಿ ಸುತ್ತಿ ಬಿಗಿದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಮೊನ್ನೆ ಗುಜರಿಯವನು ಬಂದಾಗ ನಿಮ್ಮ ಅಮ್ಮ ಅದನ್ನು ಕೊಟ್ಟುಬಿಡೋಣ ಎಂದಳು. ನಾನು ಬೇಡ ಎಂದೆ. ಯಾಕೆ ಎಂದು ಕೇಳಿದಳು. ನನಗೆ ಹೇಳಲು ಬರಲಿಲ್ಲ. ನಿಮ್ಮಲ್ಲಿ ದೊಡ್ಡವನು ಅದನ್ನು ಎತ್ತಲು ನೋಡಿ, "ಅಜ್ಜಿ, ಇದರೊಳಗೆ ಚಿನ್ನ ಉಂಟಾ?" ಎಂದು ನಕ್ಕ. ಎಲ್ಲರೂ ನಕ್ಕಿರಿ. ನಾನು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತೆ.

ನನಗೆ ಮಾತು ಕಡಿಮೆ. ನಾಲ್ಕು ಜನರ ಎದುರು ಬಾಯಿ ತೆರೆದರೆ ಹೇಳಬೇಕಾದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಶಿರ್ವದ ಹತ್ತಿರದ ಹಳ್ಳಿಶಾಲೆಯಲ್ಲಿ ಐದನೇ ತರಗತಿಯವರೆಗೆ ಓದಿದ್ದೇನೆ. ಅಲ್ಲಿ ಪಾಠ ಒಪ್ಪಿಸಲು ನಿಲ್ಲಿಸಿದರೆ ಅಳುತ್ತಿದ್ದೆ, ಸ್ಲೇಟಿನಲ್ಲಿ ಬರೆಯಲು ಹೇಳಿದರೆ ತಪ್ಪಿಲ್ಲದೆ ಬರೆಯುತ್ತಿದ್ದೆ. ಮನೆಯಲ್ಲಿ ನಾವು ಆಡುವುದು ತುಳು, ನನಗೆ ಬರೆಯಲು ಬರುವುದು ಕನ್ನಡ. ಆದ್ದರಿಂದ ಆ ಡಬ್ಬಿಯ ವಿಷಯವನ್ನು ಬರೆದೇ ಇಡುತ್ತೇನೆ. ನಿಧಾನವಾಗಿ ಓದಿ.

ನಿಮ್ಮ ಅಜ್ಜ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಕಾಪುವಿನಲ್ಲಿ ಕಡಲಿಗೆ ಹೋಗುವ ದಾರಿಯಲ್ಲಿ ನಮ್ಮ ಹಳೆಯ ಮನೆ ಇತ್ತು. ನಿಮಗೆ ಕಲಾಯಿ ಎಂದರೆ ಗೊತ್ತಿರಲಿಕ್ಕಿಲ್ಲ. ಆಗ ಅಡುಗೆಯ ಪಾತ್ರೆಗಳು ಹೆಚ್ಚಾಗಿ ತಾಮ್ರದವು, ಹಿತ್ತಾಳೆಯವು. ಅದರಲ್ಲಿ ಹುಳಿ ಬೇಯಿಸಿದರೆ ಕಿಲುಬು ಬಿಡುತ್ತದೆ, ತಿಂದವರಿಗೆ ವಾಂತಿ. ಅದಕ್ಕಾಗಿ ಪಾತ್ರೆಯ ಒಳಮೈಗೆ ತೆಳ್ಳಗೆ ತವರ ಹಿಡಿಸಬೇಕು. ಮೊದಲು ಕಡಲ ಹೊಯಿಗೆಯಲ್ಲಿ ತಿಕ್ಕಿ ಬೆಳಗಬೇಕು. ಆಮೇಲೆ ಕೆಂಡದ ಮೇಲೆ ಇಟ್ಟು ಕಾಯಿಸಿ ನವಸಾಗರದ ಪುಡಿ ಎರಚಿದರೆ ಭುಗ್ಗೆಂದು ಬಿಳಿ ಹೊಗೆ ಏಳುತ್ತದೆ. ಆ ಕ್ಷಣಕ್ಕೆ ತವರದ ಕಡ್ಡಿಯನ್ನು ಮುಟ್ಟಿಸಿ, ಹತ್ತಿಯಿಂದ ಸರಸರನೆ ಉಜ್ಜಬೇಕು. ಕೆಂಪು ಪಾತ್ರೆಯೊಳಗೆ ಬೆಳದಿಂಗಳು ಹರಡಿದ ಹಾಗೆ ಆಗುತ್ತದೆ. ತುಸು ತಡವಾದರೆ ಕಪ್ಪು, ತುಸು ಮೊದಲಾದರೆ ಹಿಡಿಯುವುದಿಲ್ಲ. ಆ ಹದ ನಿಮ್ಮ ಅಜ್ಜನ ಕೈಯಲ್ಲಿ ಇತ್ತು.

ಪಾತ್ರೆ ಹಿಡಿಯಲು ಒಬ್ಬರು, ಬೆಂಕಿಗೆ ಗಾಳಿ ಕೊಡುವ ತಿದಿ ಒತ್ತಲು ಇನ್ನೊಬ್ಬರು ಬೇಕು. ನಮ್ಮಲ್ಲಿ ತಿದಿ ಒತ್ತುವುದು ಮನೆಯ ಹೆಂಗಸರ ಕೆಲಸ. ನನ್ನ ಅತ್ತೆ ಇರುವಷ್ಟು ದಿನ ಅವರು ಒತ್ತಿದರು, ಅವರು ತೀರಿಕೊಂಡ ಮೇಲೆ ನಾನು. ಒಲೆ ಹಿತ್ತಲಿನಲ್ಲಿತ್ತು, ಗಿರಾಕಿಗಳು ಮುಂದಿನ ಜಗಲಿಗೆ ಬರುತ್ತಿದ್ದರು. ಯಾರ ಎದುರೂ ನಿಲ್ಲಬೇಕಿಲ್ಲ, ಮಾತಾಡಬೇಕಿಲ್ಲ. ನಿಮ್ಮ ಅಜ್ಜ ಗಲ್ಲ ಎತ್ತಿದರೆ ಜೋರು, ತಗ್ಗಿಸಿದರೆ ಮೆಲ್ಲ. ನನಗೆ ಆ ಕೆಲಸ ಇಷ್ಟವಾಗಿತ್ತು.

ನಿಮಗೆ ಒಬ್ಬಳು ಸೋದರತ್ತೆ ಇದ್ದಳು, ನನ್ನ ಮಗಳು. ನಿಮ್ಮ ಅಪ್ಪನಿಗಿಂತ ಐದು ವರ್ಷ ದೊಡ್ಡವಳು. ನಾವು ಕೆಲಸ ಮಾಡುವಾಗ ಒಲೆಯ ಆಚೆ ತೆಂಗಿನ ಬುಡದಲ್ಲಿ ಕುಳಿತು ಮಣ್ಣಿನಲ್ಲಿ ಆಡುತ್ತಿದ್ದಳು. ಮಾವ, ಎಂದರೆ ನಿಮ್ಮ ಅಜ್ಜನ ಅಪ್ಪ, ಉಡುಪಿಯ ಅಂಗಡಿಯಿಂದ ತವರ ತಂದ ದಿನ ಅವಳಿಗೆ ಹಬ್ಬ. ಅಪ್ಪಟ ತವರದ ಕಡ್ಡಿಯನ್ನು ಬಗ್ಗಿಸಿದರೆ ಒಳಗಿನಿಂದ ಒಂದು ಸದ್ದು ಬರುತ್ತದೆ. ಒಣಗಿದ ಎಲೆ ಮುರಿದ ಹಾಗೆ, ಯಾರೋ ನರಳಿದ ಹಾಗೆ. ನಿಮ್ಮ ಅಜ್ಜ ಅವಳ ಕಿವಿಯ ಹತ್ತಿರ ಕಡ್ಡಿ ಹಿಡಿದು ಬಗ್ಗಿಸುತ್ತಿದ್ದರು.

"ಅಪ್ಪ, ಅದು ಅಳ್ತದೆ."

"ಅಳ್ತದಾ? ಯಾಕೆ ಅಂತ ಕೇಳು."

ಅವಳು ಕಡ್ಡಿಗೆ ಬಾಯಿ ಹಚ್ಚಿ ಕೇಳುತ್ತಿದ್ದಳು. ಆಮೇಲೆ ನಮಗೆ ಹೇಳುತ್ತಿದ್ದಳು: "ಅದಕ್ಕೆ ಹಸಿವೆ ಆಗ್ತದಂತೆ."

ಆ ಕಡ್ಡಿಯನ್ನು ಹಾಗೇ ಉಪಯೋಗಿಸುತ್ತಿರಲಿಲ್ಲ. ಕರಗಿಸಿ, ಅದಕ್ಕೆ ಸೀಸ ಸೇರಿಸಿ, ಬೇರೆ ಕಡ್ಡಿ ಎರೆಯುತ್ತಿದ್ದರು. ಮೂರು ಪಾಲು ತವರಕ್ಕೆ ಒಂದು ಪಾಲು ಸೀಸ. ಇದು ಕಳ್ಳತನ ಎಂದು ಯಾರೂ ತಿಳಿದಿರಲಿಲ್ಲ. ಸೀಸ ಸೇರಿದರೆ ಬೇಗ ಕರಗುತ್ತದೆ, ಸುಲಭವಾಗಿ ಹರಡುತ್ತದೆ, ಇದ್ದಿಲು ಕಡಿಮೆ ಸಾಕು, ತಿದಿ ಒತ್ತುವುದೂ ಕಡಿಮೆ. ಮಾವ ಅವರ ಅಪ್ಪನಿಂದ ಕಲಿತದ್ದು, ನಿಮ್ಮ ಅಜ್ಜ ಮಾವನಿಂದ ಕಲಿತದ್ದು. ಸೀಸ ಬೆರೆತ ಕಡ್ಡಿ ಬಗ್ಗಿಸಿದರೆ ಸದ್ದು ಬರುವುದಿಲ್ಲ. ನಮ್ಮ ಮಗಳು ಅದನ್ನು "ಮೂಗ" ಎಂದು ಕರೆಯುತ್ತಿದ್ದಳು.

ಇನ್ನೊಂದು ಪದ್ಧತಿ ಇತ್ತು. ಊರವರ ಪಾತ್ರೆಗೆ ಹೊಸ ಕಡ್ಡಿ. ಕೆಲಸ ಮುಗಿದ ಮೇಲೆ ಒಲೆಯ ಸುತ್ತ ಬಿದ್ದ ಹನಿ, ಹತ್ತಿಗೆ ಅಂಟಿದ ಚೂರು, ಹಳೆ ಪಾತ್ರೆಯಿಂದ ಹೆರೆದ ಪುಡಿ, ತೂತು ಮುಚ್ಚಿ ಉಳಿದ ಬೆಸುಗೆ, ಇದನ್ನೆಲ್ಲ ಒಟ್ಟು ಮಾಡಿ ಕರಗಿಸಿದ್ದು ನಮ್ಮ ಮನೆಯ ಪಾತ್ರೆಗೆ. ಅದರಲ್ಲಿ ಸೀಸ ಎಷ್ಟಿರುತ್ತದೋ ಯಾರಿಗೂ ಗೊತ್ತಿಲ್ಲ. ಒಳ್ಳೆಯದು ಗಿರಾಕಿಗೆ, ಉಳಿದದ್ದು ನಮಗೆ. ಅದು ಮರ್ಯಾದೆ ಎಂದು ಮಾವ ಹೇಳುತ್ತಿದ್ದರು. ನನಗೂ ಅದು ಸರಿ ಎಂದೇ ಕಾಣುತ್ತಿತ್ತು.

ನಿಮ್ಮ ಅಪ್ಪ ಹೊಟ್ಟೆಯಲ್ಲಿದ್ದ ವರ್ಷ ನಮ್ಮ ಮನೆಯ ಹುಳಿ ಮಾಡುವ ತಪಲೆಗೂ ಮಗಳ ಗಂಜಿಯ ಪುಟ್ಟ ಪಾತ್ರೆಗೂ ಕಲಾಯಿ ಹೋಗಿತ್ತು. ಒಂದು ಬೆಳಿಗ್ಗೆ ಎರಡಕ್ಕೂ ಹಾಕಿದರು. ಆ ದಿನ ನಾನು ತಿದಿ ಒತ್ತಿದ್ದು ಸ್ವಲ್ಪವೇ. "ಸಾಕು, ಆಯಿತು, ಏಳು" ಎಂದರು. ಇಷ್ಟು ಬೇಗ ಹೇಗಾಯಿತು ಎಂದು ನಾನು ಕೇಳಲಿಲ್ಲ. ಸೊಂಟ ನೋಯುತ್ತಿತ್ತು, ಎದ್ದು ಒಳಗೆ ಹೋದೆ.

ಮಗಳಿಗೆ ಹುಳಿ ಎಂದರೆ ಪ್ರಾಣ. ಅಮಟೆಕಾಯಿ ಹಾಕಿದ ಹುಳಿಯ ತಪಲೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು. ನಾನೇ ಕೊಡುತ್ತಿದ್ದೆ. "ತಳದ್ದು ಅವಳಿಗೆ" ಎಂದು ನಮ್ಮಲ್ಲಿ ಮಾತೇ ಆಗಿತ್ತು.

ನಿಮ್ಮ ಅಪ್ಪ ಹುಟ್ಟಿ ಕೆಲವು ತಿಂಗಳಾಗಿರಬೇಕು, ಅವಳಿಗೆ ಹೊಟ್ಟೆನೋವು ಶುರುವಾಯಿತು. ತಮ್ಮ ಬಂದದ್ದಕ್ಕೆ ಹಟ ಎಂದರು ನೆರೆಯವರು. ಹುಳುವಿನ ಔಷಧ ಕುಡಿಸಿದೆವು. ದೃಷ್ಟಿ ತೆಗೆದೆವು. ಮುಖ ಬಿಳುಚಿಕೊಂಡಿತು. ಮೆಟ್ಟಿಲು ಹತ್ತುವಾಗ ಮುಗ್ಗರಿಸುತ್ತಿದ್ದಳು. ಬೈದೆ ಕೂಡ, ಕಣ್ಣು ಎಲ್ಲಿ ಇಟ್ಟು ನಡೆಯುತ್ತಿ ಎಂದು. ಒಂದು ದಿನ ಊಟದ ಹೊತ್ತಿಗೆ ಅವಳ ಕೈಕಾಲು ಸೆಟೆದುಕೊಂಡವು. ಮಾವ ಒಂದು ಕಾರು ಹುಡುಕಿ ತಂದರು. ಮಣಿಪಾಲದ ಆಸ್ಪತ್ರೆಗೆ ಹೋದೆವು.

ಡಾಕ್ಟರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ನಮ್ಮ ಶಿರ್ವದ ಕಡೆಯ ಒಬ್ಬ ನರ್ಸಮ್ಮ ನಡುವೆ ನಿಂತು ಹೇಳುತ್ತಿದ್ದರು. ಡಾಕ್ಟರು ಮಗುವಿನ ತುಟಿ ಎತ್ತಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ಪೆನ್ಸಿಲಿನಿಂದ ಎಳೆದ ಹಾಗೆ ಒಂದು ನೀಲಿ ಗೆರೆ. ನಾನು ದಿನವೂ ಅವಳ ಹಲ್ಲು ತಿಕ್ಕುತ್ತಿದ್ದೆ, ಅದನ್ನು ನೋಡಿಯೂ ಇದ್ದೆ. ನೇರಳೆಹಣ್ಣಿನ ಬಣ್ಣ ಎಂದುಕೊಂಡಿದ್ದೆ.

"ಮನೆಯಲ್ಲಿ ಎಂತ ಕೆಲಸ ಮಾಡುವುದು ಅಂತ ಕೇಳ್ತಾರೆ," ಎಂದರು ನರ್ಸಮ್ಮ.

"ಕಲಾಯಿ," ಎಂದರು ನಿಮ್ಮ ಅಜ್ಜ.

"ಅದಕ್ಕೆ ಎಂತ ಹಾಕುವುದು?"

"ತವರ."

"ತವರ ಮಾತ್ರವಾ?"

ಅವರು ಮಗಳ ಮುಖ ನೋಡಿದರು. ಆಮೇಲೆ, "ಸೀಸ ಉಂಟು," ಎಂದರು.

ನರ್ಸಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಪಾತ್ರೆಯಿಂದಲೋ ಅಂಗಳದ ಮಣ್ಣಿನಿಂದಲೋ ಖಂಡಿತ ಹೇಳಲು ಆಗುವುದಿಲ್ಲ, ಆದರೆ ಸೀಸ ಮಕ್ಕಳ ಮೆದುಳಿಗೆ ಏರುತ್ತದೆ, ಮನೆಯಲ್ಲಿರುವ ಇನ್ನೊಂದು ಮಗುವಿಗೆ ಆ ಪಾತ್ರೆಯದ್ದು ಏನೂ ಕೊಡಬೇಡಿ ಎಂದರಂತೆ. ಮಗಳು ಆರು ದಿನ ಇದ್ದಳು. ಏಳನೆಯ ದಿನ ಬೆಳಿಗ್ಗೆ ಹೋದಳು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಒಂದು ತಿಂಗಳು ಒಲೆ ಹೊತ್ತಲಿಲ್ಲ. ಒಂದು ಮಧ್ಯಾಹ್ನ ಮಾವ ಜಗಲಿಯಲ್ಲಿ ಕುಳಿತು, ಉಡುಪಿಯ ಹೋಟೆಲಿನ ಪಾತ್ರೆಗಳು ಬಂದು ಬಿದ್ದಿವೆ, ಇನ್ನೆಷ್ಟು ದಿನ ಹೀಗೆ ಎಂದು ಕೇಳಿದರು. ನಾನು ಒಳಗೆ ಬಾಗಿಲ ಹಿಂದೆ ನಿಮ್ಮ ಅಪ್ಪನಿಗೆ ಹಾಲು ಕೊಡುತ್ತಿದ್ದೆ.

"ಮಾಡ್ತೇನೆ," ಎಂದರು ನಿಮ್ಮ ಅಜ್ಜ. "ಆದರೆ ಇನ್ನು ಸೀಸ ಹಾಕುವುದಿಲ್ಲ. ಅಪ್ಪಟ ತವರ. ಮೊದಲು ಹಾಕಿಕೊಟ್ಟ ಪಾತ್ರೆಗಳನ್ನೂ ವಾಪಸ್ ತರಿಸಿ, ಹೆರೆದು, ಹೊಸತು ಹಾಕಿಕೊಡ್ತೇನೆ. ಎಲ್ಲವನ್ನೂ."

"ಎಲ್ಲವನ್ನೂ? ನಿನಗೆ ತಲೆ ಸಮ ಉಂಟಾ? ಕಾಪುವಿನಿಂದ ಕಾರ್ಕಳದವರೆಗೆ ನಮ್ಮ ಪಾತ್ರೆ ಉಂಟು."

"ಯಾರ ಮನೆಯಲ್ಲಿ ಯಾವುದುಂಟು ಅಂತ ನನಗೆ ನೆನಪುಂಟು."

"ಒಬ್ಬ ಡಾಕ್ಟ್ರು ಎಂತವೋ ಹೇಳಿದ ಅಂತ. ನೀನು ಆ ಪಾತ್ರೆಯಲ್ಲೇ ಉಂಡು ಇಷ್ಟು ದೊಡ್ಡವನಾದದ್ದಲ್ವಾ?"

"ನಾನು ಆದೆ, ಅಪ್ಪ. ನನ್ನ ಹಿಂದೆ ಹುಟ್ಟಿದ ಮೂವರು ಎಲ್ಲಿ?"

"ಅದು ಜ್ವರ," ಎಂದರು ಮಾವ. ಅವರ ಸ್ವರ ಬೇರೆಯಾಗಿತ್ತು. ಆಮೇಲೆ ಪೆಟ್ಟು ತಿಂದವರು ತಿರುಗಿ ಹೊಡೆಯುವ ಹಾಗೆ ಹೇಳಿದರು: "ನಾನು ಮೂರಕ್ಕೆ ಒಂದು ಹಾಕಿದವ. ಅರ್ಧಕ್ಕರ್ಧ ಸೀಸ ಹಾಕಿದ್ದು ಯಾರು? ಹೆಂಡತಿ ಬಸುರಿ, ತಿದಿ ಒತ್ತಲಿಕ್ಕೆ ಅವಳಿಗೆ ಕಷ್ಟ ಆಗ್ತದೆ ಅಂತ ಮನೆ ಪಾತ್ರೆಗೆ ಬೇಗ ಕರಗುವ ಹಾಗೆ ಮಾಡಿದ್ದು ಯಾರು? ಈಗ ನನಗೆ ಹೇಳ್ಲಿಕ್ಕೆ ಬರ್ತೀಯಾ?"

ನಿಮ್ಮ ಅಜ್ಜ ಒಳಗೆ ಬಂದು ಕೊಡಪಾನದಿಂದ ನೀರು ಬಗ್ಗಿಸಿ ಕುಡಿದರು. ಬಾಗಿಲ ಹಿಂದೆ ನಾನಿದ್ದದ್ದನ್ನು ನೋಡಿದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ನಾನು ತಲೆ ತಗ್ಗಿಸಿ ಮಗುವಿನ ಮುಖ ನೋಡುತ್ತಿದ್ದೆ. ಆ ಮಾತನ್ನು ಅವರು ಯಾವತ್ತೂ ನನ್ನ ಹತ್ತಿರ ಎತ್ತಲಿಲ್ಲ. ನಾನು ಕೇಳಿಸಿಕೊಂಡಿದ್ದೇನೆ ಎಂದು ನಾನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಒಲೆ ಹೊತ್ತಿತು. ಅಪ್ಪಟ ತವರಕ್ಕೆ ಪಾತ್ರೆ ಹೆಚ್ಚು ಕಾಯಬೇಕು. ನಾನು ಒತ್ತಿದೆ. ಅವರು ಗಲ್ಲ ತಗ್ಗಿಸಿದರೂ ನಿಲ್ಲಿಸದೆ ಒತ್ತಿದೆ. ತೋಳು ಕಳಚಿ ಬೀಳುತ್ತದೋ ಎನ್ನುವಷ್ಟು.

ಮನೆಯಲ್ಲಿ ಉಳಿದಿದ್ದ ಸೀಸದ ಗಟ್ಟಿಯನ್ನು ಬಲೆಗೆ ಗುಂಡು ಮಾಡಲು ಕೊಡು ಎಂದು ಮೀನುಗಾರರೊಬ್ಬರು ಕೇಳಿದರು. "ನಿಮ್ಮ ಮನೆಯಲ್ಲೂ ಮಕ್ಕಳುಂಟಲ್ವಾ ಅಣ್ಣ, ಅವರು ಬಾಯಿಗೆ ಹಾಕ್ತಾರೆ," ಎಂದು ನಿಮ್ಮ ಅಜ್ಜ ಕೊಡಲಿಲ್ಲ. ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದರು. ಅಂದಿನಿಂದ ಹಳೆ ಪಾತ್ರೆಯಿಂದ ಹೆರೆದ ಪುಡಿಯೂ ಅದಕ್ಕೇ. ಮಾರಿದರೆ ಇನ್ನೊಬ್ಬ ಕಲಾಯಿಯವನ ಕೈ ಸೇರುತ್ತದೆ, ಹೂತರೆ ಬಾವಿಗೆ ಇಳಿಯುತ್ತದೆ. ಅದಕ್ಕೆ ಹೋಗಲು ಬೇರೆ ಜಾಗವಿಲ್ಲ.

ಇದ್ದಿಲು ಹೆಚ್ಚು ಬೇಕಾಯಿತು. ಕಾರ್ಕಳದ ಕಡೆಯ ಕಾಡಿನಿಂದ ಮರ ಸುಟ್ಟ ಇದ್ದಿಲಿನ ಮೂಟೆ ಬರುತ್ತಿತ್ತು. ಒಂದು ತಪ್ಪನ್ನು ಸರಿ ಮಾಡಲು ಇನ್ನೊಂದು ಕಡೆ ಮರ ಕಡಿಸುವುದು ಬೇಡ ಎಂದರು. ಕಾಯಿ ತುರಿದು ಬಿಸಾಡುವ ತೆಂಗಿನ ಗೆರಟೆ ಸುಟ್ಟರೆ ಆಗುವುದಿಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ. ಕೆಲಸದ ವಿಷಯದಲ್ಲಿ ನಾನು ಆಡಿದ ಮೊದಲ ಮಾತು ಅದು. ಅವರು ನನ್ನನ್ನು ನೋಡಿ, "ಮಾಡಿ ನೋಡುವ," ಎಂದರು. ಹಿತ್ತಲಲ್ಲಿ ಗುಂಡಿ ತೋಡಿ ಗೆರಟೆ ಸುಟ್ಟೆ. ಬೆಂಕಿ ಚೆನ್ನಾಗಿ ನಿಂತಿತು. ಹತ್ತಿರದ ಮನೆಗಳ ಗೆರಟೆಯೆಲ್ಲ ನಮ್ಮಲ್ಲಿಗೆ ಬರತೊಡಗಿತು.

ಹೀಗೆ ಪಾತ್ರೆ ಹಿಂದಕ್ಕೆ ತರುವ ಕೆಲಸ ಶುರುವಾಯಿತು. ಮೊದಲು ಕಾಪು, ಆಮೇಲೆ ಉಡುಪಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಗೋಣಿಯಲ್ಲಿ ಪಾತ್ರೆ ತುಂಬಿಕೊಂಡು ಬರುತ್ತಿದ್ದರು, ಕಲಾಯಿ ಹಾಕಿ ಕೊಂಡುಹೋಗಿ ಕೊಡುತ್ತಿದ್ದರು. ಸರಿಯಾದ ಪಾತ್ರೆಯ ಕಂಠದ ಕೆಳಗೆ ಉಳಿಯಿಂದ ಒಂದು ಚುಕ್ಕಿ ಹೊಡೆಯುತ್ತಿದ್ದರು. ಕಾರಣ ಕೇಳಿದವರಿಗೆ ಸುಳ್ಳು ಹೇಳುತ್ತಿರಲಿಲ್ಲ. ಬಿಳಿ ಕಾಗದವನ್ನು ಹಳೆ ಕಲಾಯಿಯ ಮೇಲೆ ಉಜ್ಜಿ ತೋರಿಸುತ್ತಿದ್ದರು. ಸೀಸ ಇದ್ದರೆ ಕಾಗದಕ್ಕೆ ಕಪ್ಪು ಹತ್ತುತ್ತದೆ.

ಜನರು ಬಗೆಬಗೆಯಾಗಿ ಮಾತಾಡಿದರು. ಕೆಲವನ್ನು ಅವರು ಬಂದು ನನಗೆ ಹೇಳುತ್ತಿದ್ದರು. ಒಬ್ಬರು, "ಎಂತ ಮಾರಾಯ, ಇಷ್ಟು ವರ್ಷ ನೀನು ನಮಗೆ ವಿಷ ತಿನ್ನಿಸಿದ್ದಾ? ನನ್ನ ಹೆಂಡತಿಯ ಅಡುಗೆ ಹಾಗಿರುವುದು ಅಂತ ನಾನು ಅವಳಿಗೆ ಬೈದದ್ದು," ಎಂದು ನಕ್ಕರಂತೆ. ಹೋಟೆಲಿನ ಯಜಮಾನರೊಬ್ಬರು ನಗಲಿಲ್ಲ. ಪಾತ್ರೆ ಹಿಂದಿನ ಬಾಗಿಲಿನಿಂದ ತೆಗೆದುಕೊಂಡು ಹೋಗು, ಇನ್ನು ಈ ಕಡೆ ಬರಬೇಡ ಎಂದರು. ಮಣಿಪಾಲದಲ್ಲಿ ಕಾಲೇಜು ಮಕ್ಕಳಿಗೆ ಊಟ ಹಾಕುವ ಒಂದು ಮನೆಯವರು ಎಲ್ಲ ಪಾತ್ರೆ ಕೊಟ್ಟು, ಆಮೇಲೆ ಅಲ್ಯೂಮಿನಿಯಮ್ಮಿಗೆ ಬದಲಾದರು. ನಾವೇ ನಮ್ಮ ಬಾಯಿಂದ ಹೇಳಿ ಕಳೆದುಕೊಂಡ ಗಿರಾಕಿಗಳು ಎಷ್ಟೋ. ಮಾವ ಆ ಮಳೆಗಾಲದಿಂದ ಮಗನ ಹತ್ತಿರ ಮಾತು ಬಿಟ್ಟರು. ಎರಡು ವರ್ಷ ಬಿಟ್ಟು ಹಾಗೆಯೇ ತೀರಿಕೊಂಡರು.

ಉಡುಪಿಯ ಕಡಿಯಾಳಿಯ ಒಬ್ಬ ಅಜ್ಜಿ ಮಾತ್ರ ತಮ್ಮ ಬೀದಿಯ ಹೆಂಗಸರಿಗೆಲ್ಲ ಹೇಳಿದ್ದರಂತೆ, ಚುಕ್ಕಿ ಇರುವ ಪಾತ್ರೆಯಲ್ಲೇ ಮಕ್ಕಳಿಗೆ ಮಾಡಿ ಎಂದು. ಆ ಬೀದಿಯಿಂದ ಹೊಸದಾಗಿ ಕೆಲಸ ಬಂತು. ನಿಮ್ಮ ಅಜ್ಜ ಬಂದು ಅದನ್ನು ಹೇಳಿದ ದಿನ ನನಗೆ ಸಂತೋಷವಾಗಬೇಕಿತ್ತು. ನಾನು ಎದ್ದು ಹೋಗಿ ಬಾವಿಯ ಹತ್ತಿರ ನಿಂತೆ.

ನಮ್ಮ ಮನೆಯ ತಪಲೆಯನ್ನು ಅವರು ಹೆರೆದು ಸರಿ ಮಾಡಿದರು. ಮಗಳ ಗಂಜಿಯ ಪಾತ್ರೆಯನ್ನು ಮುಟ್ಟಲಿಲ್ಲ. ಅದು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ಕಾರ್ಕಳದ್ದು ಉಳಿಯಿತು. ಅಲ್ಲಿ ಮದುವೆ ಮುಂಜಿಗಳಿಗೆ ಪಾತ್ರೆ ಬಾಡಿಗೆಗೆ ಕೊಡುವವರೊಬ್ಬರು ಇದ್ದರು. ಅವರ ಮೂರು ದೊಡ್ಡ ಕೊಪ್ಪರಿಗೆಗಳಿಗೆ ನಿಮ್ಮ ಅಜ್ಜನೇ ಕಲಾಯಿ ಹಾಕಿದ್ದು. ಒಂದರಲ್ಲಿ ಮುನ್ನೂರು ಜನರಿಗೆ ಹುಳಿ ಬೇಯಿಸಬಹುದು. ನಿಮ್ಮ ಅಜ್ಜ ಹೋಗಿ ಕೇಳಿದರು. ಅವರು ಕೊಡಲಿಲ್ಲ. "ನನ್ನ ಪಾತ್ರೆಯಲ್ಲಿ ವಿಷ ಉಂಟು ಅಂತ ಸುದ್ದಿಯಾದರೆ ನಾಳೆ ಯಾರು ಕೇಳ್ಲಿಕ್ಕೆ ಬರ್ತಾರೆ? ನಿನಗೆ ದುಃಖ ಉಂಟು, ನನಗೆ ಗೊತ್ತಾಗ್ತದೆ. ಆದರೆ ನಿನ್ನ ದುಃಖ ನನ್ನ ಅಂಗಡಿಗೆ ತರಬೇಡ," ಎಂದರಂತೆ. ಪ್ರತಿ ವರ್ಷ ಮದುವೆಯ ಕಾಲ ಶುರುವಾಗುವ ಮೊದಲು ಇವರು ಹೋಗಿ ಕೇಳುವುದು, ಅವರು ಕಾಫಿ ಕೊಟ್ಟು ಕಳಿಸುವುದು.

ಒಂದು ವರ್ಷ ಕಾರ್ಕಳದಲ್ಲೇ ನಮ್ಮ ಸಂಬಂಧಿಕರ ಮನೆಯ ಮದುವೆ. ನಾನು ಹೆಂಗಸರ ಸಾಲಿನಲ್ಲಿ, ನಿಮ್ಮ ಅಜ್ಜ ಎದುರು ಗಂಡಸರ ಸಾಲಿನಲ್ಲಿ ನಿಮ್ಮ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಳಿತಿದ್ದರು. ಅನ್ನ ಬಂತು, ಸಾರು ಬಂತು. ಹುಳಿ ಬಡಿಸುವವನು ಬಂದಾಗ ಅವರು ತಲೆಯೆತ್ತಿ ಚಪ್ಪರದ ಹಿಂದಿನ ಒಲೆಯ ಕಡೆ ನೋಡಿದರು. ಆ ಕೊಪ್ಪರಿಗೆಯನ್ನು ಎತ್ತುವ ಕಿವಿಗಳನ್ನು ಕೂರಿಸಿದವರೇ ಅವರು, ದೂರದಿಂದಲೇ ಗುರುತು ಸಿಕ್ಕಿತು. ಮಗನ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

"ಬೇಡವಾ? ಒಳ್ಳೆಯ ಅಮಟೆಕಾಯಿ ಹುಳಿ," ಎಂದ ಬಡಿಸುವವ.

"ಬೇಡ."

ಅವರು ಸಾಲನ್ನು ನೋಡಿದರು. ಆಚೆ ಈಚೆ ಎಲ್ಲ ಮಕ್ಕಳು, ಅನ್ನಕ್ಕೆ ಹುಳಿ ಕಲಸಿ ಉಣ್ಣುತ್ತಿದ್ದವು. ಅವರ ಬಾಯಿ ಒಮ್ಮೆ ತೆರೆಯಿತು. ಏನೋ ಕೂಗಿ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಮಗನನ್ನು ಎತ್ತಿಕೊಂಡು ಉಣ್ಣದ ಎಲೆ ಬಿಟ್ಟು ಎದ್ದುಹೋದರು. ಮದುವೆಯ ಪಂಕ್ತಿಯಿಂದ ಹಾಗೆ ಎದ್ದುಹೋಗುವುದು ಎಂದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ವಧುವಿನ ಅಪ್ಪ ಹಿಂದೆಯೇ ಓಡಿಬಂದು, "ಭಾವ, ನಮ್ಮಿಂದ ಎಂತ ತಪ್ಪಾಯಿತು?" ಎಂದು ಕೈಮುಗಿದರು. ಇವರು, "ನಿಮ್ಮದಲ್ಲ, ನನ್ನದು," ಎಂದಷ್ಟೇ ಹೇಳಿದರು. ಆ ಮನೆಯವರು ನಮ್ಮನ್ನು ಮತ್ತೆ ಕರೆಯಲಿಲ್ಲ. ಕೊಪ್ಪರಿಗೆಯವರ ಕಿವಿಗೂ ಅದು ಬಿತ್ತು. ಇನ್ನು ಮೆಟ್ಟಿಲು ಹತ್ತಬೇಡ ಎಂದು ಹೇಳಿಕಳಿಸಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅವರ ಪಕ್ಕ ಕುಳಿತಿದ್ದೆ. ನಾನು ಉಂಡಿದ್ದೆ, ಹುಳಿಯನ್ನೂ. ಎದ್ದು ಬರಲು ನನಗೆ ನಾಚಿಕೆಯಾಗಿತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಒಂದು ಸಣ್ಣ ಹುಡುಗಿ ಕುಳಿತಿದ್ದಳು. ಅವಳ ಎಲೆಗೆ ಹುಳಿ ಬೀಳುವುದನ್ನೂ ನೋಡಿ ಸುಮ್ಮನಿದ್ದೆ. ಆ ಹುಡುಗಿಯ ಮುಖ ನನಗೆ ಈಗಲೂ ನೆನಪಿದೆ.

ಎಂಬತ್ತರ ನಂತರ ಸ್ಟೀಲಿನ ಪಾತ್ರೆಗಳು ಮನೆಮನೆಗೆ ಬಂದವು. ಕಲಾಯಿ ಕೇಳುವವರು ವಿರಳ. ನಿಮ್ಮ ಅಜ್ಜನ ಕೈಯೂ ಸೋಲುತ್ತ ಬಂತು. ಮೊದಲು ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿತು, ಇಕ್ಕಳ ಹಿಡಿದರೆ ಜಾರುತ್ತಿತ್ತು. ಚಿಕ್ಕಂದಿನಿಂದ ಆ ಹೊಗೆ ಕುಡಿದ ದೇಹ. ನಿಮ್ಮ ಅಪ್ಪ ಹೈಸ್ಕೂಲು ಸೇರಿದ ವರ್ಷ ಹಾಸಿಗೆ ಹಿಡಿದರು. ಅನ್ನವನ್ನು ನಾನೇ ತುತ್ತು ಮಾಡಿ ಕೊಡುತ್ತಿದ್ದೆ. ಹೋಗುವ ಎರಡು ದಿನ ಮೊದಲು, ತುತ್ತು ಬೇಡ ಎಂದು ಮುಖ ತಿರುಗಿಸಿ ಹೇಳಿದರು:

"ಕಾರ್ಕಳದ್ದು ಮೂರು ಉಳಿಯಿತು."

ನಾನು "ಹ್ಞೂಂ" ಎಂದೆ. ಇನ್ನೂ ಒಂದು ಮಾತು ಇತ್ತು. ಆ ದಿನ ಬಾಗಿಲ ಹಿಂದೆ ನಾನು ಕೇಳಿಸಿಕೊಂಡಿದ್ದೇನೆ, ನೀವು ನನ್ನ ತೋಳು ನೋಯಬಾರದು ಎಂದು ಮಾಡಿದ್ದು, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂದು. ಹದಿಮೂರು ವರ್ಷ ಗಂಟಲಲ್ಲಿದ್ದ ಮಾತು. ಬಟ್ಟಲು ಕೆಳಗಿಟ್ಟು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿದ್ದರು. ಮಲಗಲಿ, ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವರಿಗೆ ಎಚ್ಚರವೇ ಇರಲಿಲ್ಲ.

ಅವರ ಕಾರ್ಯಗಳೆಲ್ಲ ಮುಗಿದ ಮೇಲೆ ಸಾಮಾನಿನ ಪೆಟ್ಟಿಗೆ ತೆರೆದೆ. ಇಕ್ಕಳ, ಉಳಿ, ಹೆರೆಯುವ ಕತ್ತಿಯ ಅಡಿಯಲ್ಲಿ ಅವರ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಮಗಳ ಗಂಜಿಯ ಪಾತ್ರೆ ಇತ್ತು. ಒಳಗೆ ಆ ಕಲಾಯಿ ಹಾಗೆಯೇ, ಕಪ್ಪಾಗಿ. ಊರಿನ ಪಾತ್ರೆಗಳನ್ನೆಲ್ಲ ಹೆರೆದವರಿಗೆ ಇದನ್ನು ಹೆರೆಯಲು ಕೈ ಬಂದಿರಲಿಲ್ಲ. ಅದರೊಳಗೆ ಒಂದು ತವರದ ಕಡ್ಡಿ ಇತ್ತು.

ಅದಾಗಿ ಒಂದು ವಾರಕ್ಕೆ ನಾನು ಹೆರೆಯುವ ಕತ್ತಿಯನ್ನು ಚೀಲದಲ್ಲಿ ಹಾಕಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಒಬ್ಬಳೇ ಬಸ್ಸಿನಲ್ಲಿ ಹೋದದ್ದು ಅದೇ ಮೊದಲು. ಕಂಡಕ್ಟರನಿಗೆ ಊರಿನ ಹೆಸರು ಹೇಳಲು ಎರಡು ಸಲ ಪ್ರಯತ್ನಿಸಬೇಕಾಯಿತು. ಮಣಿಪಾಲದ ಮೇಲಿನಿಂದ ಬಸ್ಸು ಹೋಗುವಾಗ ನಾನು ಆಚೆ ನೋಡಲಿಲ್ಲ. ಪರ್ಕಳ ದಾಟಿದ ಮೇಲೆ ತಲೆ ಎತ್ತಿದೆ.

ಕೊಪ್ಪರಿಗೆಯವರಿಗೂ ವಯಸ್ಸಾಗಿತ್ತು. ಅಂಗಡಿಯನ್ನು ಮಗ ನೋಡುತ್ತಿದ್ದ, ಎಲ್ಲ ಅಲ್ಯೂಮಿನಿಯಮ್ಮಿನ ಪಾತ್ರೆಗಳು. ಅವರು ಮನೆಯ ಜಗಲಿಯಲ್ಲಿ ಕುಳಿತಿದ್ದರು.

"ಯಾರು? ಎಂತ ಬೇಕಿತ್ತು?"

ನಾನು ಅಂಗಳದಲ್ಲಿ ನಿಂತೆ. ಚೀಲದಿಂದ ಹೆರೆಯುವ ಕತ್ತಿ ತೆಗೆದು ಜಗಲಿಯ ಮೇಲೆ ಇಟ್ಟೆ. ಅವರು ಅದನ್ನೇ ನೋಡಿದರು. ಆಮೇಲೆ ನನ್ನ ಹಣೆ ನೋಡಿದರು.

"ಅವನು ಹೋದನಾ?" ಎಂದರು.

ಹೌದೆಂದು ತಲೆಯಾಡಿಸಿದೆ. ಅವರು ಕತ್ತಿಯ ಅಲಗನ್ನು ಬೆರಳಿನಿಂದ ಸವರಿದರು.

"ಅವನು ಹೇಳಿದ್ದು ಸರಿ ಅಂತ ನನಗೆ ಗೊತ್ತಿತ್ತು, ಅಮ್ಮ. ಮೊದಲ ವರ್ಷವೇ ಗೊತ್ತಿತ್ತು. ಒಳಗೆ ಹೋಗಿ ಕಾಗದ ಉಜ್ಜಿ ನೋಡಿದ್ದೆ. ಆದರೆ ಹೌದು ಅಂತ ಒಪ್ಪಿದರೆ, ಅಷ್ಟು ಮದುವೆಯಲ್ಲಿ ಉಂಡ ಮಕ್ಕಳ ವಿಷಯ ನಾನು ಎಂತ ಮಾಡುವುದು? ಅವನಿಗೆ ಒಂದು ಮಗು. ನನಗೆ ಎಷ್ಟು ಅಂತ ಗೊತ್ತಿಲ್ಲ."

ಎರಡು ಕೊಪ್ಪರಿಗೆಗಳನ್ನು ಮಗ ಎರಡು ವರ್ಷದ ಹಿಂದೆ ಮಾರಿದ್ದನಂತೆ. ಕೊಂಡವರು ಘಟ್ಟದ ಮೇಲಿನವರು, ಅಡುಗೆಗೋ ಗುಜರಿಗೋ ಕೇಳಲಿಲ್ಲ. ಮೂರನೆಯದು ಹಟ್ಟಿಯಲ್ಲಿ ದನಗಳಿಗೆ ಅಕ್ಕಿ ತೊಳೆದ ಅಕ್ಕಚ್ಚು ಇಡಲು ಇತ್ತು. ಅದನ್ನು ಅಂಗಳಕ್ಕೆ ಉರುಳಿಸಿ ತರಿಸಿಕೊಟ್ಟರು.

ನಾನು ಅದರೊಳಗೆ ಅರ್ಧ ಮೈ ತೂರಿಸಿ ಕುಳಿತು ಹೆರೆದೆ. ಅಷ್ಟು ದೊಡ್ಡದಕ್ಕೆ ಹೊಸ ಕಲಾಯಿ ಹಾಕುವುದು ನನ್ನಿಂದ ಆಗುವ ಕೆಲಸವಲ್ಲ. ಹೆರೆಯುವುದು ಗೊತ್ತಿತ್ತು. ಬೆಳಿಗ್ಗೆಯಿಂದ ಬಿಸಿಲು ಇಳಿಯುವವರೆಗೆ ಹೆರೆದೆ. ಆ ಮನೆಯ ಹೆಂಗಸರು ಊಟಕ್ಕೆ ಕರೆದರು, ಹೋಗಲಿಲ್ಲ. ಮುಗಿದಾಗ ತಳದಿಂದ ಕಂಠದವರೆಗೆ ಬರೀ ಕೆಂಪು ತಾಮ್ರ. ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು. "ಇದರಲ್ಲಿ ಅಡುಗೆ ಮಾಡಬೇಡಿ, ಸ್ನಾನದ ನೀರು ಕಾಯಿಸಿ." ಅವರು ಆಯಿತಮ್ಮ ಎಂದರು. ಚುಕ್ಕಿ ಹೊಡೆಯಲಿಲ್ಲ. ಅದು ನಿಮ್ಮ ಅಜ್ಜ ಮಾತ್ರ ಹೊಡೆಯಬೇಕಾದದ್ದು.

ಆ ಗಂಟು ಡಬ್ಬಿಯಲ್ಲಿದೆ. ಮಗಳ ಗಂಜಿಯ ಪಾತ್ರೆಯನ್ನೂ ನಾನೇ ಅದರಲ್ಲಿಟ್ಟು ತಂತಿ ಸುತ್ತಿದೆ. ನನ್ನಿಂದಲೂ ಅದನ್ನು ಹೆರೆಯಲು ಆಗಲಿಲ್ಲ. ನಾನು ಹೋದ ಮೇಲೆ ಆ ಡಬ್ಬಿಯನ್ನು ಮಾರಬೇಡಿ, ಹೂಳಬೇಡಿ, ನೀರಿಗೆ ಎಸೆಯಬೇಡಿ. ನೀವು ಕಲಿತವರು, ಇಂಥದ್ದನ್ನು ಏನು ಮಾಡಬೇಕೆಂದು ತಿಳಿದವರನ್ನು ಕೇಳಿ. ಅಲ್ಲಿಯವರೆಗೆ ತೆರೆಯಬೇಡಿ.

ಇನ್ನೆರಡು ಎಲ್ಲೋ ಇವೆ. ಘಟ್ಟದ ಮೇಲೆ ಯಾವುದಾದರೂ ಮದುವೆಗೆ ಹೋದರೆ, ದೊಡ್ಡ ತಾಮ್ರದ ಕೊಪ್ಪರಿಗೆ ಕಂಡರೆ, ಕಂಠದ ಕೆಳಗೆ ಚುಕ್ಕಿ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಪಕ್ಕದಲ್ಲಿ ಕುಳಿತ ಮಗುವಿನ ಎಲೆಗೆ ಕೈ ಅಡ್ಡ ಹಿಡಿಯಿರಿ. ನಾಚಬೇಡಿ.

ತವರದ ಕಡ್ಡಿ ಮಾತ್ರ ಡಬ್ಬಿಯಲ್ಲಿಲ್ಲ. ಅದು ನನ್ನ ಸೀರೆಯ ಪೆಟ್ಟಿಗೆಯಲ್ಲಿ ಕೆಳಗೆ ಇದೆ. ಅದರಲ್ಲಿ ಸೀಸವಿಲ್ಲ, ನೀವು ಮುಟ್ಟಬಹುದು. ಕಿವಿಯ ಹತ್ತಿರ ಹಿಡಿದು ಸ್ವಲ್ಪವೇ ಬಗ್ಗಿಸಿ. ಜೋರಾಗಿ ಬೇಡ, ಮುರಿಯುತ್ತದೆ.